ಲಾತೀರನ ಬಿಲ್ಲು

ಡಬ್ಬಿಯ ಮೇಲೆ ಅಂಟಿಸಲು ಫೋಟೋ ಬೇಕೆಂದಿತು ಡಕಾರಿನ ಕಂಪನಿ.
ಜೋವಾಲಿನ ನಮ್ಮ ಹೊಗೆಮೀನಿಗೆ ಅಲ್ಲಿಯವರೆಗೆ
ವಾಸನೆಯೇ ವಿಳಾಸ.

ಲಾತೀರ್ ಸಾರ್ ಬಂದ, ಎಂಬೂರಿನವನು,
ಯಾರ ನೌಕರನೂ ಅಲ್ಲದ ಫೋಟೋಗ್ರಾಫರ್.
ಮದುವೆ, ನಾಮಕರಣ, ಒಮ್ಮೆ ಯಾವನೋ ಮಂತ್ರಿಯ ಸೇತುವೆ,
ಸಿಕ್ಕಿದ್ದೇ ಕೆಲಸ, ಸಿಗದ ದಿನ ರಜೆ.
ಎರಡು ದಿನಕ್ಕೆ ಒಂದೂವರೆ ಲಕ್ಷ ಫ್ರಾಂಕು, ಅರ್ಧ ಮುಂಗಡ,
ಬಸ್ಸಿನ ಖರ್ಚು ಬೇರೆ.

"ಒಂದು ಬೆರಳು ಒತ್ತುವುದಕ್ಕೆ?" ಎಂದಳು ಖೆಮೆಸ್.
"ಹತ್ತು ಬೆರಳನ್ನೂ ಸುಟ್ಟುಕೊಂಡು ನಾವು
ವಾರಕ್ಕೆ ಎಷ್ಟು ಎಣಿಸುತ್ತೇವೆ, ಹೇಳು ತೆನಿಂಗ್,
ಲೆಕ್ಕ ನಿನ್ನ ಹತ್ತಿರವೇ ಇದೆಯಲ್ಲ."
ಇತ್ತು. ಹೇಳಲಿಲ್ಲ.

ಮೊದಲ ದಿನ ಅವನು ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ.
ಕಡಲೆಕಾಯಿ ಸಿಪ್ಪೆ ಉರಿಯುವ ಒಲೆಗಳ ಪಕ್ಕ
ಬೋರಲು ಬಕೆಟ್ಟಿನ ಮೇಲೆ ಕೂತ,
ಕೆಮ್ಮಿದ, ಕಣ್ಣೊರೆಸಿಕೊಂಡ,
ಗಾಳಿ ಯಾವಾಗ ತಿರುಗುತ್ತದೆ ಎಂದು ಕೇಳಿದ.
ಮೂರು ಸುತ್ತು ಚಹಾ ಕುಡಿದ,
ಕಹಿಯದ್ದು, ಹದದ್ದು, ಸಿಹಿಯದ್ದು.
ಮೂರಕ್ಕೂ ಸಕ್ಕರೆ ನಮ್ಮದೇ.
ಖೆಮೆಸ್ ನನ್ನನ್ನು ನೋಡಿದಳು.
ನಾನು ಮೀನು ನೋಡಿದೆ.

ಎರಡನೆಯ ದಿನ ಬೆಳಕು ಹರಿಯುವ ಮೊದಲೇ ಬಂದಿದ್ದ.
ಹಬ್ಬದ ಬಟ್ಟೆಯುಟ್ಟು ಸಾಲಾಗಿ ನಿಂತಿದ್ದೆವು ನಾವು.
"ಚೆಂದ. ಇದೂ ಒಂದಿರಲಿ" ಎಂದು ತೆಗೆದ.
"ಈಗ ನಿಮ್ಮ ಕೆಲಸ ಮಾಡಿ."
ಹಬ್ಬದ ಬಟ್ಟೆಯಲ್ಲಿ ಯಾರು ಮಾಡುತ್ತಾರೆ ಈ ಕೆಲಸ?
ಮನೆಗೋಡಿ ಬದಲಿಸಿ ಬರುವಷ್ಟರಲ್ಲಿ
ಅವನಿಗೆ ಬೇಕಿದ್ದ ಬೆಳಕು ಹೋಗಿತ್ತು.
ಬೈಯಲಿಲ್ಲ. ಇನ್ನೊಂದು ಬೆಳಕಿಗೆ ಕಾದ.

ಸಂಜೆ ಕಾಗದ ತೆಗೆದು ಓದಿದ:
ಡಬ್ಬಿಗೆ ಎರಡು ವರ್ಷ ಬಳಸಬಹುದು,
ರಸ್ತೆಬದಿಯ ದೊಡ್ಡ ಹಲಗೆಗಾದರೆ ಬೇರೆ ದರ,
ಚಿತ್ರದ ಹಕ್ಕು ತೆಗೆದವನದು.
ಅಲ್ಲಿಯವರೆಗೆ ತೂಕಡಿಸುತ್ತಿದ್ದ ಅಜ್ಜಿ ದಿಬೋರ್
ಕಣ್ಣು ಬಿಟ್ಟಳು:
"ಚಿತ್ರ ನಿನ್ನದು, ಸರಿ. ಮುಖ?"
ಲಾತೀರ್ ಪೆನ್ನು ಕಚ್ಚಿದ.
"ಮುಖ ನಿಮ್ಮದು, ಅಜ್ಜಿ."
"ಹಾಗಾದರೆ ಬರೆ."
ಬರೆದ. ಅಚ್ಚಿನ ಸಾಲುಗಳ ಕೆಳಗೆ, ಕೈಬರಹದಲ್ಲಿ:
ಈ ಮುಖಗಳನ್ನು ಬೇರೆಯವರಿಗೆ ಮಾರುವ ಮುನ್ನ
ಮುಖದವರನ್ನು ಕೇಳತಕ್ಕದ್ದು.
ಅವಳು ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಒರೆಸಿ, ಮತ್ತೆ ಅದ್ದಿ,
ನಿಧಾನವಾಗಿ ಒತ್ತಿದಳು.
ಒಂದು ಬೆರಳು ಒತ್ತುವುದಕ್ಕೆ ಎಷ್ಟು ಹೊತ್ತು ಬೇಕೆಂದು
ಖೆಮೆಸ್‌ಗೂ ಆಗ ಕಂಡಿರಬೇಕು.

ಡಬ್ಬಿಗಳು ಹೋದವು. ದುಡ್ಡು ಬರಲಿಲ್ಲ.
ಕಂಪನಿ ಹೇಳಿತು: ಮುಂದಿನ ತಿಂಗಳು.
ನಾನು ಲಾತೀರನಿಗೆ ಹೇಳಿದೆ: ಮುಂದಿನ ತಿಂಗಳು.
ಅದೇ ಮಾತು, ಅದೇ ಮೆತ್ತನೆಯ ದನಿ,
ಬಿಸಿ ಆರುವ ಮುಂಚೆ ದಾಟಿಸಿಬಿಟ್ಟೆ.
ಬಾಗಿಲಿಗೆ ನಾಳೆ ಬಾ ಎಂದು ಬರೆದರೆ
ಭೂತ ಓದಿಕೊಂಡು ಹಿಂದಿರುಗೀತು;
ದುಡಿದವನು ಹಿಂದಿರುಗುವುದು ಎಲ್ಲಿಗೆ?
ಅವನ ಮೂರನೆಯ ಕರೆಗೆ
ಫೋನನ್ನು ಮಗುಚಿ ಹಾಕಿದೆ,
ತಳ ಹಿಡಿಯುವ ಮೀನನ್ನು ಮಗುಚುವ ಹಾಗೆ.

ಒಂದು ರಾತ್ರಿ ಆ ಬಿಲ್ಲನ್ನೇ ಮತ್ತೆ ಓದಿದೆ.
ಬಸ್ಸು, ಹೋಗಿ ಬರಲು.
ಎರಡನೆಯ ದಿನ: ತೆಗೆದದ್ದು.
ಮೊದಲನೆಯ ದಿನ: ನೋಡಿದ್ದು.
ಅಷ್ಟೇ ಬರೆದಿದ್ದ. ಎರಡಕ್ಕೂ ಒಂದೇ ಕೂಲಿ.

ಹಾಗೆ ಬರೆಯುವುದಾದರೆ ನಮ್ಮದೂ ಇತ್ತು:
ಮೀನು ಬೆಂದಿತೇ ಎಂದು ನೋಡಿದ್ದು,
ಮಧ್ಯರಾತ್ರಿ ಎದ್ದು ಮೋಡ ನೋಡಿದ್ದು,
ದೋಣಿ ಬಾರದ ದಿನ ಕಡಲು ನೋಡಿದ್ದು.
ಯಾರೂ ಕೊಟ್ಟಿರಲಿಲ್ಲ ಅದಕ್ಕೆ.
ನಾವೂ ಕೇಳಿರಲಿಲ್ಲ.

ಬೆಳಗ್ಗೆ ಉಪ್ಪಿಗೆಂದು ಎತ್ತಿಟ್ಟ ಹಣ ತೆಗೆದು ಕಳಿಸಿದೆ.
ಖೆಮೆಸ್ ಎರಡು ದಿನ ಮಾತು ಬಿಟ್ಟಳು.
ಕಂಪನಿಗೆ ಹೊಸ ಬಿಲ್ಲು ಹೋಗಿದೆ,
ಅದರಲ್ಲಿ ಒಂದು ಸಾಲು ಹೆಚ್ಚಿದೆ.
ಉತ್ತರ ಬಂದಿಲ್ಲ.
ಉಪ್ಪು ಸದ್ಯಕ್ಕೆ ಸಾಲ ಸಿಕ್ಕಿದೆ.