ಮುಟ್ಟಿ ನೋಡಿ

ಕುಟೈಸಿಯಲ್ಲಿ, ರಿಯೋನಿ ನದಿಯ ಸದ್ದು ಕೇಳುವಷ್ಟು ಹತ್ತಿರ,
ನಮ್ಮದೊಂದು ಬ್ರಷ್ಷಿನ ಕಾರ್ಖಾನೆ.
ಹಿಂದೆ ಇನ್ನೂರು ಜೊತೆ ಕೈ,
ಈಗ ಒಂಬತ್ತು.
ಕಣ್ಣಿನ ಲೆಕ್ಕ ನಾವು ಯಾವತ್ತೂ ಇಟ್ಟವರಲ್ಲ.

ಕಳೆದ ಚಳಿಗಾಲ ಗೂಲಿಕೋಳ ತಂಗಿಯ ಮಗಳು ಟೆಕ್ಲೆ ಬಂದಳು.
"ನಿಮ್ಮ ಕಥೆ ಲೋಕಕ್ಕೆ ಗೊತ್ತಾಗಬೇಕು,
ಫೇಸ್‌ಬುಕ್ಕಿನಲ್ಲೊಂದು ಪುಟ ತೆರೆಯೋಣ."
ನುಗ್ಜಾರನನ್ನು ಬಾಗಿಲ ಬಳಿ ಕೂರಿಸಿದಳು,
ಮುಖ ಸ್ವಲ್ಪ ಮೇಲೆತ್ತಿ ಅಂದಳು,
ಹಿನ್ನೆಲೆಗೆ ಎಲ್ಲಿಂದಲೋ ಒಂದು ಅಳುವ ಪಿಟೀಲು ತಂದಳು.
ಸಂಜೆಗೆ ನಾಲ್ಕು ಸಾವಿರ ಹೃದಯ.
ಒಡೆದವು ಎಷ್ಟು, ಇಡಿಯವು ಎಷ್ಟು,
ಬೇರೆ ಬೇರೆ ಎಣಿಸಿ ಹೇಳಿದಳು.
"ಪಾಪ" ಅಂದವರು ಆರುನೂರು.
"ಸ್ಫೂರ್ತಿ" ಅಂದವರು ಅದಕ್ಕೂ ಹೆಚ್ಚು.
ಬ್ರಷ್ಷು ಕೇಳಿದವರು
ಯಾರೂ ಇಲ್ಲ.

ನುಗ್ಜಾರ ಕೂದಲಿನ ಕಟ್ಟು ಕೆಳಗಿಟ್ಟ:
"ಏನು ಹಾಕಿದೆ ಮಗಳೇ?"
"ನಿಮ್ಮ ಮುಖ."
"ನನ್ನ ಮುಖದಿಂದ ನೆಲ ಗುಡಿಸೋಕಾಗುತ್ತಾ?"

ಆಮೇಲೆ ಫೋನು ನನ್ನ ಕೈಗೆ ಬಂತು.
ಅದು ಮಾತಾಡುತ್ತದೆ, ಬೆರಳಿಟ್ಟಲ್ಲೆಲ್ಲ ಹೆಸರು ಹೇಳುತ್ತದೆ,
ಊಟದ ಹೊತ್ತಾದ ಪಾದ್ರಿಯ ಹಾಗೆ, ಗಡಬಡ.
ನಾನು ತೆಗೆದ ಮೊದಲ ಫೋಟೋದಲ್ಲಿ ಬರೀ ಸೂರು ಇತ್ತಂತೆ.
ಎರಡನೆಯದರಲ್ಲಿ ನನ್ನ ಹೆಬ್ಬೆರಳು.
"ಜೇಡರ ಬಲೆ ಚೆನ್ನಾಗಿ ಬಂದಿದೆ" ಎಂದು ಯಾರೋ ಬರೆದರು.
ಅವತ್ತೇ ಗೂಲಿಕೋ ಏಣಿ ಹತ್ತಿ ಸೂರು ಗುಡಿಸಿದಳು,
ನಮ್ಮದೇ ಉದ್ದ ಹಿಡಿಯ ಬ್ರಷ್ಷಿನಲ್ಲಿ.

ಮೂರನೆಯ ಸಲ ಚಿತ್ರವನ್ನೇ ಬಿಟ್ಟೆ.
ಕಪ್ಪು ಪರದೆ, ನಲವತ್ತು ಸೆಕೆಂಡು.
ಮೊದಲು ಅಂಗಡಿಯ ಪ್ಲಾಸ್ಟಿಕ್ಕಿನದು, ಚರ್ಮದ ಬೂಟಿನ ಮೇಲೆ:
ಬೆಕ್ಕು ಬಾಗಿಲು ಪರಚಿದ ಹಾಗೆ.
ನಂತರ ನಮ್ಮ ಕುದುರೆಗೂದಲಿನದು:
ಪಕ್ಕದ ಕೋಣೆಯಲ್ಲಿ ಯಾರೋ
ಮೆಕ್ಕೆಜೋಳದ ಹಿಟ್ಟು ಜರಡಿ ಹಿಡಿದ ಹಾಗೆ.
ಕೊನೆಗೆ ಓತಿಯಾ ಒಂದು ಎಸಳು ಹಿಡಿದು ಜಗ್ಗುತ್ತಾನೆ,
ಉಸಿರು ಕಟ್ಟಿ ಜಗ್ಗುತ್ತಾನೆ, ಬೈಯುತ್ತಾನೆ.
ಅದು ಬರುವುದಿಲ್ಲ.
ಬೈಗುಳ ಕತ್ತರಿಸುವುದು ನನಗೆ ಗೊತ್ತಿರಲಿಲ್ಲ.

ಕೆಳಗೆ ಇಷ್ಟೇ ಬರೆದೆ:
ನೂರಿಪ್ಪತ್ತು ತೂತು. ಬೀಚ್ ಮರದ ಹಿಡಿ. ಬೆಲೆ ಹದಿನೆಂಟು ಲರಿ.
ಮುಟ್ಟಿ ನೋಡಿ. ಮೂಸಿ ನೋಡಿ. ಜಗ್ಗಿ ನೋಡಿ.
ಇದಕ್ಕಿಂತ ಬೇರೆ ನೋಡುವುದು ನಮಗೂ ಬರುವುದಿಲ್ಲ.

ಹೃದಯ ಈ ಸಲ ಮೂವತ್ತೇಳು.
"ವಿಡಿಯೋ ಕೆಟ್ಟಿದೆ, ಏನೂ ಕಾಣಿಸ್ತಿಲ್ಲ" ಅಂದವರು ಹನ್ನೊಂದು.
"ಹೌದಾ?" ಎಂದು ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ.
ಜುಗ್ದಿದಿಯ ರೊಟ್ಟಿ ಅಂಗಡಿಯವನು ಆರು ಕೇಳಿದ,
ಹಲಗೆಯ ಮೇಲಿನ ಹಿಟ್ಟು ಒರೆಸಲು.
ಎರಡು ವಾರದ ಮೇಲೆ ಇನ್ನಾರು.

ಹೀಗಿರುವಾಗ ಒಂದು ರಾತ್ರಿ ಫೋನು ಓದಿತು,
ಅದೇ ಗಡಬಡದ ದನಿಯಲ್ಲಿ, ಎಲ್ಲೂ ನಿಲ್ಲದೆ:
ನನ್ನ ಅಪ್ಪ ಪ್ಲಾತೋನ್ ನಿಮ್ಮಲ್ಲಿದ್ದರು ಕಿಟಕಿ ಪಕ್ಕದ ಮೂರನೇ ಮೇಜು
ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಿದ್ದರಾ ಮನೆಯಲ್ಲಿ ಹಾಕುತ್ತಿದ್ದರು
ಕಪ್ಪು ವಿಡಿಯೋದಲ್ಲಿ ಯಾರೋ ಬೈದರಲ್ಲ
ಅದು ಅವರದೇ ಬೈಗುಳ

ಬೆಳಿಗ್ಗೆ ಎಲ್ಲರಿಗೂ ಕೇಳಿಸಿದೆ.
ಓತಿಯಾ ಬಹಳ ಹೊತ್ತು ಸುಮ್ಮನಿದ್ದು,
"ಹೌದು, ಕಲಿಸಿದ್ದೇ ಅವನು" ಅಂದ.
ನುಗ್ಜಾರ ತಕರಾರು ತೆಗೆದ:
ಕಿಟಕಿ ಪಕ್ಕದ್ದು ಎರಡನೇ ಮೇಜು, ಮೂರನೆಯದು ಒಲೆಯ ಕಡೆ.
ನಮಗೆ ಕಿಟಕಿಯೆಂದರೆ ಚಳಿ ಬರುವ ದಿಕ್ಕು,
ಅದರಲ್ಲಿ ತಪ್ಪಾಗುವುದುಂಟೇ?
ಉಂಟು, ಅಂದಳು ಗೂಲಿಕೋ.
ಮಧ್ಯಾಹ್ನದ ತನಕ ಜಗಳ.
ಸತ್ತವರೆಲ್ಲ ಬಂದು ತಂತಮ್ಮ ಮೇಜಿಗೆ ಕೂತರು,
ಒಬ್ಬರ ಅಂಟಿನ ಡಬ್ಬಿ ಇನ್ನೊಬ್ಬರು ಕದ್ದರು.
ಫೋನು ನನ್ನ ಮುಂದೆಯೇ ಇತ್ತು.
ರೆಕಾರ್ಡಿನ ಗುಂಡಿ ಒತ್ತುವುದು ಮರೆತೆ.

ಆ ಮಗಳಿಗೆ ಸಂಜೆ ಬರೆದೆ:
ಹಾಕುತ್ತಿದ್ದರು. ಯಾವಾಗಲೂ ಅರ್ಧ ಸ್ವರ ಕೆಳಗೆ.
ಮೇಜಿನ ವಿಷಯ ಇತ್ಯರ್ಥವಾದ ಮೇಲೆ
ತಿಳಿಸುತ್ತೇವೆ.