ಎರಡು ಟ್ರ್ಯಾಕ್ಟರ್ ಮಣ್ಣು

ಬೇಡಿದ್ದು ನಾನೇ.
ಮಳೆ ಬಂದರೆ ಅಂಗನವಾಡಿ ಅಂಗಳದಲ್ಲಿ ನೀರು ನಿಲ್ಲುತ್ತದೆ,
ಮಕ್ಕಳ ಚಡ್ಡಿ ಕೆಸರಾಗುತ್ತದೆ, ಸೊಳ್ಳೆ ಕಾಟ ಬೇರೆ,
ಎಂದು ಅರ್ಜಿ ಬರೆದು, ಮೂರು ಸಲ ಪಾಲಿಕೆ ಮೆಟ್ಟಿಲು ಹತ್ತಿ
ನಾಲ್ಕನೇ ಸಲ ವಾರ್ಡ್ ಮೆಂಬರ ಮನೆ ಮುಂದೆ ಕೂತು
ತರಿಸಿದೆ ಎರಡು ಟ್ರ್ಯಾಕ್ಟರ್ ಮಣ್ಣು.

ಕೌಲ್ ಬಜಾರಿನ ಹಿಂದೆ, ಬ್ಯಾಟರಿ ಭಟ್ಟಿ ಇದ್ದು
ಮುಚ್ಚಿ ಆರು ವರ್ಷವಾದ ಖಾಲಿ ಜಾಗದ್ದು.
ಕಪ್ಪಗೆ, ನುಣ್ಣಗೆ, ಹಿಡಿದರೆ ಹಿಟ್ಟಿನ ಹಾಗೆ.
ಡ್ರೈವರ್ ಎರ್ರಿಸ್ವಾಮಿಗೆ ಟೀ ಕೊಟ್ಟೆ,
ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿ.

ಬಳ್ಳಾರಿ ಧೂಳು ಕೆಂಪು.
ಅದಿರಿನ ಕೆಂಪು ಕಣ್ಣಿಗೆ ಕಾಣುತ್ತದೆ, ಒಗೆದ ಸೀರೆಗೆ ಅಂಟುತ್ತದೆ,
ನಿಂತು ಬೈಯಬಹುದು.
ಇದು ಯಾರಿಂದಲೂ ಬೈಸಿಕೊಳ್ಳದ ಮಣ್ಣು.
ಮಕ್ಕಳು ಅದರಲ್ಲಿ ರೊಟ್ಟಿ ತಟ್ಟಿದರು,
ಬೇವಿನೆಲೆ ಮೇಲಿಟ್ಟು 'ಟೀಚರ್, ಊಟ' ಎಂದು ತಂದರು.
ನಾನು ತುಟಿ ಚಪ್ಪರಿಸಿದೆ.
'ಆಹಾ, ಇನ್ನೊಂದು ಹಾಕ್ರಿ' ಎಂದೆ.
ಅವರು ಸುಮ್ಮನೆ ನಟಿಸುವ ವಯಸ್ಸಿನವರಲ್ಲ,
ನಿಜವಾಗಿ ತಿಂದರು.

ಜೂನಿನಲ್ಲಿ ಗಾದಿಲಿಂಗ ಇಪ್ಪತ್ತರ ತನಕ ಎಣಿಸುತ್ತಿದ್ದ.
ದೀಪಾವಳಿ ಹೊತ್ತಿಗೆ ಹನ್ನೊಂದಕ್ಕೆ ನಿಂತ;
ಹನ್ನೊಂದು, ಹನ್ನೊಂದು,
ಮುಂದಿನ ಮನೆ ಯಾರದೆಂದು ಮರೆತ
ಪೋಸ್ಟ್‌ಮ್ಯಾನ್ ಹಾಗೆ.
ಕಿವಿ ಹಿಂಡಿದೆ. ಅದನ್ನೂ ಬರೆದುಕೊಳ್ಳಿ.

ಹೊಟ್ಟೆನೋವೆಂದ, ಜಂತುಹುಳದ ಗುಳಿಗೆ ಕೊಟ್ಟೆ.
ಬಿಳಿಚಿಕೊಂಡ, ಕಬ್ಬಿಣದ ಸಿರಪ್ಪು.
ಜೀನ್ಸ್ ಹೊಲಿದು ಬೆರಳು ನೀಲಿಯಾದ ಅವನ ತಾಯಿ ಸುಂಕಮ್ಮ
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು,
ಘಾಟೇ ಬರಲಿಲ್ಲ ಟೀಚರ್, ದೃಷ್ಟಿ ಆಗೈತಿ, ಎಂದಳು.

ತೂಕದ ಪುಸ್ತಕ ತೆಗೆದು ನೋಡಿ:
ಹೆಸರು, ತಾಯಿ ಹೆಸರು, ಎತ್ತರ, ತೂಕ, ತೋಳಿನ ಸುತ್ತಳತೆ.
ಎಲ್ಲ ಹಸಿರು ಗೆರೆಯ ಒಳಗೇ.
ನನ್ನ ತಕ್ಕಡಿ ಮಗುವನ್ನು ತೂಗುತ್ತದೆ,
ಮಗುವಿನೊಳಗೆ ಬಂದು ಕೂತದ್ದನ್ನೂ ಸೇರಿಸಿ ತೂಗುತ್ತದೆ,
ಬೇರೆ ಮಾಡಿ ಹೇಳುವುದಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಇನ್ನೂ ಕಲಿಯುತ್ತಿದ್ದ ಡಾಕ್ಟರ್ ಹುಡುಗಿ
ತುಟಿ ಎತ್ತಿ ಒಸಡು ನೋಡಿ
ರಕ್ತ ಬೇರೆ ಊರಿಗೆ ಕಳಿಸಿದಳು.
ಹನ್ನೆರಡು ದಿನಕ್ಕೆ ನಲವತ್ತೇಳು ಎಂದು ಬಂತು.
ಎಷ್ಟಿರಬೇಕಿತ್ತಮ್ಮ, ಎಂದೆ.
ಇರಲೇಬಾರದಿತ್ತು, ಎಂದಳು.

ಸೀಸ.
ನನಗೆ ಗೊತ್ತಿದ್ದದ್ದು ಎರಡೇ:
ಕೆಟ್ಟ ಮಾತು ಕೇಳಿದಾಗ ಕಿವಿಗೆ ಕಾಸಿ ಹೊಯ್ದಂತಾಗುವುದು,
ಮತ್ತೆ ಮಕ್ಕಳು ತುದಿ ಕಚ್ಚುವ ಸೀಸಕಡ್ಡಿ.
ಆ ಕಡ್ಡಿಯಲ್ಲಿ ಸೀಸವೇ ಇಲ್ಲವಂತೆ, ಬರೀ ಹೆಸರು.
ಅಂಗಳದಲ್ಲಿ ಸೀಸವಿತ್ತು,
ಹೆಸರಿರಲಿಲ್ಲ.

ಭಟ್ಟಿಯಲ್ಲಿ ಒಂಬತ್ತು ವರ್ಷ ದುಡಿದ ಖಾಸಿಂ
ನಡುಗುವ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಹೇಳಿದ:
'ಅದರ ಉಪ್ಪು ಸೀ ಇರ್ತೈತಿ ಅಕ್ಕಾ.
ಊಟಕ್ಕೆ ಕೈ ತೊಳ್ಕೊಂಡ್ರೂ ಬೆರಳಿಗೆ ಇರ್ತಿತ್ತು.
ನಾವು ಬೆಲ್ಲದ ಕೈ ಅಂತ ನಗ್ತಿದ್ವಿ.'

ಈಗ ಮತ್ತೆ ಅರ್ಜಿ.
ಹಾಕಿದ ಮಣ್ಣು ಎತ್ತಿಸಲು ಬಾಬತ್ತಿಲ್ಲವಂತೆ.
ಹಾಕಿಸಿಕೊಂಡವರು ನೀವೇ ಅಲ್ಲವೇನ್ರಿ, ಎಂದು
ಗುಮಾಸ್ತ ಹಳೆಯ ಕಾಗದ ತಿರುಗಿಸಿ ತೋರಿಸಿದ.
ನನ್ನದೇ ಸಹಿ, ದುಂಡಗೆ, ದಿನಾಂಕ ಸಮೇತ.
ಎತ್ತಿದರೂ ಎಲ್ಲಿಗೆ ಒಯ್ಯುತ್ತಾರೆ?
ಯಾರ ಅಂಗಳ ತಗ್ಗಿದೆ ಎಂದು
ಟ್ರ್ಯಾಕ್ಟರ್ ಮತ್ತೆ ಹುಡುಕಿಕೊಂಡು ಹೋಗುತ್ತದೆ.

ಸದ್ಯಕ್ಕೆ ತಾಡಪಾಲು ಹಾಸಿ ಅಂಚಿಗೆ ಕಲ್ಲಿಟ್ಟಿದ್ದೇನೆ.
ಮಕ್ಕಳು ಅದರ ಮೇಲೆ ಜಾರುತ್ತಾರೆ, ನಗುತ್ತಾರೆ.
ಗಾಳಿಗೆ ಒಂದು ಮೂಲೆ ಏಳುತ್ತದೆ.

ದಿನ ಬಿಟ್ಟು ದಿನ ಗಾದಿಲಿಂಗನ ಉಗುರು ಕತ್ತರಿಸುತ್ತೇನೆ,
ಬೆರಳೊಂದಕ್ಕೆ ಒಂದು ಸಲ, ಎಣಿಸು ಅನ್ನುತ್ತೇನೆ.
ಹತ್ತರ ತನಕ ಅವನವೇ ಬೆರಳು, ಸರಾಗ ಬರುತ್ತದೆ.
ಆಮೇಲೆ ನನ್ನ ತೋರುಬೆರಳು ಚಾಚುತ್ತೇನೆ.
ಹನ್ನೊಂದು, ಅನ್ನುತ್ತಾನೆ.

ಇನ್ನೊಂದು ಬೆರಳು ಚಾಚಿ
ಕೂತಿದ್ದೇನೆ.