ಮೂರನೇ ಗೇರು

ಕರಪತ್ರದಲ್ಲಿ ಅಚ್ಚಾಗಿತ್ತು: ದಾರಿ ಬಹುಪಾಲು ಸಮತಟ್ಟು.
ಟೌನ್‌ಹಾಲಿನಿಂದ ಮಲ್ಲಸಂದ್ರ, ಮಲ್ಲಸಂದ್ರದಿಂದ ಟೌನ್‌ಹಾಲು,
ಇಪ್ಪತ್ತೊಂದು ಕಿಲೋಮೀಟರು, ಮೇಲೊಂದಿಷ್ಟು ಚಿಲ್ಲರೆ.
ಓದಿ ನಕ್ಕೆ.
ಹನ್ನೊಂದು ವರ್ಷ ಈ ದಾರಿಯಲ್ಲಿ ನಿಂತುಕೊಂಡೇ ಹೋಗಿದ್ದೇನೆ,
ಒಂದು ಕೈ ಮೇಲಿನ ಕಂಬಿಗೆ, ಒಂದು ಕೈ ಟಿಕೆಟ್ ಮಶೀನಿಗೆ.
ನನಗೆ ಹೇಳುತ್ತಾರೆ, ಸಮತಟ್ಟಂತೆ.

ಊರ ಕಡೆಗೆ ಬರುವಾಗ, ಹೆಗ್ಗೆರೆ ದಾಟಿ,
ಎಡಕ್ಕೊಂದು ಹುಣಸೆಮರ.
ಅಲ್ಲಿ ಬೋರಲಿಂಗಯ್ಯ ಗೇರು ಇಳಿಸುತ್ತಾರೆ,
ನಾಲ್ಕರಿಂದ ಮೂರಕ್ಕೆ.
ಎಂಜಿನ್ನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತೆ.
ನಿದ್ದೆ ಹೋದವರ ತಲೆ ಒಮ್ಮೆ ಮುಂದಕ್ಕೆ ವಾಲಿ
ಮತ್ತೆ ಅದೇ ಹೆಗಲಿಗೆ ಒರಗುತ್ತೆ.
ಕಣ್ಣಿಗೆ ಕಾಣುವ ಏರಲ್ಲ ಅದು.
ನೀರು ಚೆಲ್ಲಿದರೆ ನೀರಿಗೆ ಗೊತ್ತಾದೀತು,
ಇಲ್ಲಾ, ತುಂಬಿದ ಬಸ್ಸಿಗೆ.

ಭಾನುವಾರ, ಬೆಳಗಿನ ಆರು.
ಎದೆಗೆ ನಾಲ್ಕು ಪಿನ್ನು, ನಂಬರು ಏಳುನೂರ ಹದಿನಾಲ್ಕು.
ಖಾಕಿ ಬಿಟ್ಟು ಬಂದ ತೋಳಿಗೆ ಗಾಳಿ ಹೊಸದು.
ಅಕ್ಕಪಕ್ಕ, ನಾಡಿಯನ್ನು ಕೈಗಡಿಯಾರಕ್ಕೆ ಒಪ್ಪಿಸಿದ ಹುಡುಗರು,
ಒಬ್ಬರು ಪಿ.ಟಿ. ಮೇಷ್ಟ್ರು,
ಪೊಲೀಸ್ ಭರ್ತಿಗೆ ಮೈ ಹುರಿ ಮಾಡುತ್ತಿರುವ
ಮಧುಗಿರಿಯ ಇಬ್ಬರು ಹುಡುಗಿಯರು.
ಬಾವುಟ ಇಳಿದಾಗ ಎಲ್ಲರೂ ಓ ಎಂದು ಕೂಗಿದರು.
ನನ್ನ ಬಾಯಲ್ಲಿ ತಾನಾಗಿ ಬಂತು: ರೈಟ್, ರೈಟ್.

ಗುಬ್ಬಿ ಗೇಟು, ಮೊದಲ ಸ್ಟೇಜು.
ಇಡ್ಲಿ ಹಬೆಯ ಹಿಂದಿನಿಂದ ನೂರುಲ್ಲಾ ಸಾಬರು
ಸೌಟು ಎತ್ತಿ ಸಲಾಮು ಹೊಡೆದರು.

ಬಸ್ಸಿನಿಂದ ಕಾಣದೆ ಹೋದದ್ದೆಷ್ಟು!
ಮೈಲಿಗಲ್ಲಿನ ಬೆನ್ನಿಗೆ ಯಾರೋ ಒರೆಸಿದ ಸುಣ್ಣದ ಬೆರಳು,
ಮೋರಿಯ ಕೆಳಗೆ ಮರಿ ಹಾಕಿದ ನಾಯಿ,
ಒಂಟಿ ಚಪ್ಪಲಿ, ಬಹುಶಃ ನನ್ನ ಫುಟ್‌ಬೋರ್ಡಿನಿಂದಲೇ ಬಿದ್ದದ್ದು.
ಅವತ್ತು ನಿಲ್ಸವ್ವಾ ಎಂದು ಕೂಗಿದ ಅಜ್ಜಿಗೆ
ಟೈಮಿಲ್ಲ ಎಂದಿದ್ದೆ.

ಹೆಗ್ಗೆರೆಯಲ್ಲಿ ಮೊಸರಿನ ಕ್ಯಾನಿನ ಪಕ್ಕ ಸಣ್ಣಈರಮ್ಮ,
ಹಣೆಗೆ ಕೈ ಅಡ್ಡ ಇಟ್ಟು ನೋಡಿದಳು.
"ಅಯ್ ಕಂಡಕ್ಟ್ರಮ್ಮಾ, ಬಸ್ ಬಿಟ್ಟೋಯ್ತೇನವ್ವಾ?"
"ಇಲ್ಲ ಕಣಮ್ಮ, ಇವತ್ತು ನಾನೇ ಬಸ್ಸು."
"ಹಂಗಾರೆ ನಿಲ್ಸು, ಹತ್ಕಂತೀನಿ."
ನಗು ಬಂದು ಪಕ್ಕೆ ಹಿಡಿಯಿತು,
ಅರ್ಧ ಕಿಲೋಮೀಟರು ಬಿಡಲಿಲ್ಲ.

ಮಲ್ಲಸಂದ್ರದಲ್ಲಿ ಒಂದು ನೀಲಿ ಡ್ರಮ್ಮು ಸುತ್ತಿ ತಿರುಗಿದೆ.
ಒಂದು ಲೋಟ ನೀರು, ಚಿಟಿಕೆ ಉಪ್ಪು, ಅರ್ಧ ಬಾಳೆಹಣ್ಣು.
ಹೋಗುವಾಗ ಕಾಲು ತಾನೇ ಹೋಗುತ್ತಿತ್ತು,
ನನ್ನದೇ ಕಸುವು ಅಂದುಕೊಂಡಿದ್ದೆ.
ಇಳಿಜಾರು ಕೊಟ್ಟ ಕಡ ಅದು.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುತ್ತೇವಲ್ಲ,
ಇಳಿಯುವಾಗ ಕೇಳಿ ಇಸ್ಕೊಳ್ಳಿ ಅಂತ,
ಹಾಗೆ ದಾರಿಯೂ ಬರೆಸಿಕೊಂಡಿತ್ತು.
ಈಗ ಕೇಳಿತು.

ಹುಣಸೆಮರ. ಹದಿನೈದನೇ ಕಿಲೋಮೀಟರು. ಬಿಸಿಲು ನೇರ ಮುಖಕ್ಕೆ.
ತೊಡೆ ಒಂದು ಸೀಟಿ ಊದಿತು.
ಒಂದಕ್ಕೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು,
ಡಿಪೋ ಕಲಿಸಿದ ಕಾನೂನು.
ಎಲ್ಲಿಂದಲೋ ಬೋರಲಿಂಗಯ್ಯನ ಎಡಗಾಲು ಕ್ಲಚ್ಚು ಒತ್ತಿತು.
ನಾನೂ ಇಳಿಸಿದೆ:
ಹೆಜ್ಜೆ ಗಿಡ್ಡ, ಮೊಣಕೈ ಹತ್ತಿರ, ಕಣ್ಣು ಮೂರು ಮಾರು ಮುಂದೆ.
ಕೈಗಡಿಯಾರದ ಹುಡುಗರು ನಾಲ್ಕರಲ್ಲೇ ಏರಲು ಹೋಗಿ
ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.
ಹೇಳೋಣವೆಂದರೆ ಉಸಿರಿಲ್ಲ.
ಎರಡು ಸೀಟಿ ನಾನೇ ಊದಿಕೊಂಡೆ,
ಒಣಗಿದ ತುಟಿಯಿಂದ ಬರೀ ಗಾಳಿ ಬಂತು.
ಸಾಕಾಯಿತು.

ಎರಡು ಗಂಟೆ ನಲವತ್ತಾರು ನಿಮಿಷ.
ಕೊರಳಿಗೆ ಪದಕ ಹಾಕಿದರು.
ನಮ್ಮ ಬಸ್ಸು ಇದೇ ದಾರಿಗೆ ಐವತ್ತೇ ನಿಮಿಷ,
ಅದಕ್ಕೆ ಯಾರೂ ಹಾಕಿದ್ದಿಲ್ಲ.

ಸೋಮವಾರ, ಆರು ನಲವತ್ತರ ಗಾಡಿ.
ಮೆಟ್ಟಿಲು ಹತ್ತುತ್ತಾ ನರಳಿದ್ದು ಕೇಳಿ
ಬೋರಲಿಂಗಯ್ಯ ಕನ್ನಡಿಯಲ್ಲಿ ನಕ್ಕರು.
ವಾಪಸಿನಲ್ಲಿ ಸಣ್ಣಈರಮ್ಮ ಹತ್ತಿದಳು, ಕ್ಯಾನು ಖಾಲಿ.
ಸೊನ್ನೆಯ ಟಿಕೆಟ್ಟು ಹರಿದುಕೊಟ್ಟೆ.
ತಿರುಗಿಸಿ ಬೆನ್ನು ನೋಡಿದಳು,
"ಬಾಕಿ ಏನೂ ಬರ್ದಿಲ್ವಲ್ಲೇ?"
ಉತ್ತರ ಹುಡುಕುತ್ತಿದ್ದೆ.
ಮರಕ್ಕೆ ಇನ್ನೂ ಒಂದು ಕರೆಂಟು ಕಂಬ ಇರುವಂತೆ
ನನ್ನ ಮೀನಖಂಡ ಬಿಗಿಯಿತು,
ಆಮೇಲೆ
ಗೇರು ಬಿತ್ತು.